ಹದಿಮೂರು ಕಂತಿನ ಆಯುಸ್ಸು

ಟಿ.ವಿ.ಯಲ್ಲಿ ಹೊಸ ಹಾಸ್ಯ ಧಾರಾವಾಹಿಯೊಂದು ಶುರುವಾಯಿತೆಂದರೆ, ಎರಡನೆಯ ವಾರಕ್ಕೇ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅದರ ಜಾತಕ ಬಿಚ್ಚಿಕೊಳ್ಳುತ್ತದೆ. ಊಟದ ಡಬ್ಬಿ ತೆಗೆಯುತ್ತಲೇ ಒಬ್ಬರು "ಇದು ಬಹಳ ದಿನ ಓಡಲ್ಲ ಬಿಡ್ರಿ, ನಗುವೇ ಬರಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. "ಸ್ವಲ್ಪ ತಾಳ್ರೀ ಮೇಡಂ, ಈಗ ತಾನೆ ಶುರುವಾಗಿದೆ" ಎನ್ನುವವರು ಯಾವಾಗಲೂ ಒಬ್ಬರೋ ಇಬ್ಬರೋ. ಕಣ್ಣೀರಿನ ಧಾರಾವಾಹಿಗಳಿಗೆ ಈ ಕಷ್ಟ ಇಲ್ಲ. ಮೊದಲ ದಿನವೇ ತುಂಬು ಗರ್ಭಿಣಿಯನ್ನು ಮನೆಯಿಂದ ಹೊರಗೆ ಹಾಕಿದರೆ ಸಾಕು, ಅವಳು ಯಾರು, ಎತ್ತ ಎಂದು ತಿಳಿಯುವ ಮೊದಲೇ ನಮ್ಮ ಕಣ್ಣು ಒದ್ದೆ. ನಗುವಿಗೆ ಹಾಗಲ್ಲ. ಮನೆಗೆ ಬಂದ ಹೊಸ ಸೊಸೆ ಮೊದಲ ತಿಂಗಳು ಎಂಥ ತಮಾಷೆಯ ಮಾತಾಡಿದರೂ ಯಾರೂ ನಗುವುದಿಲ್ಲ; ಅವಳ ಸ್ವಭಾವ ಗೊತ್ತಾದ ಮೇಲೆ ಅವಳು ಹುಬ್ಬು ಹಾರಿಸಿದರೂ ಮನೆ ತುಂಬ ನಗು. ಪಾತ್ರಗಳ ಸ್ವಭಾವ ನಮಗೆ ಗೊತ್ತಾಗುವ ತನಕ ಹಾಸ್ಯ ಧಾರಾವಾಹಿಯೂ ಆ ಹೊಸ ಸೊಸೆಯೇ. ಅಷ್ಟು ದಿನ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಯಾರು, ಹೊರಗೆ ಹಾಕುವವರು ಯಾರು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಈಗ ಎಲ್ಲರೂ 'ಸೀಸನ್' ಎನ್ನುತ್ತಾರೆ: ಮೊದಲ ಸೀಸನ್, ಎರಡನೆಯ ಸೀಸನ್. ನಾವು ಚಿಕ್ಕವರಿದ್ದಾಗ ಸೀಸನ್ ಎಂದರೆ ಮಾವಿನ ಹಣ್ಣಿನದು, ಅಡಿಕೆ ಕೊಯ್ಲಿನದು. ಧಾರಾವಾಹಿಗಿದ್ದದ್ದು ಸೀಸನ್ ಅಲ್ಲ, ಹದಿಮೂರು ಕಂತು. ವರ್ಷಕ್ಕೆ ಐವತ್ತೆರಡು ವಾರ. ಅದನ್ನು ನಾಲ್ಕು ಪಾಲು ಮಾಡಿದರೆ ಪಾಲಿಗೆ ಹದಿಮೂರು. ನಮ್ಮ ಶಾಲೆಯ ಮಾತಿನಲ್ಲಿ ಹೇಳುವುದಾದರೆ ತ್ರೈಮಾಸಿಕ ಪರೀಕ್ಷೆ. ನಿರ್ಮಾಪಕರಾದವರು ಕತೆಯ ಸಾರಾಂಶ, ಕಲಾವಿದರ ಪಟ್ಟಿ, ಒಂದು ಮಾದರಿ ಕಂತು ಹಿಡಿದುಕೊಂಡು ದೂರದರ್ಶನದ ಕಚೇರಿಗೆ ಹೋಗಬೇಕು. ಒಪ್ಪಿಗೆಯಾದರೆ ಹದಿಮೂರು ವಾರಕ್ಕೆ ಅನುಮತಿ. ಪ್ರಸಾರಕ್ಕೆ ಶುಲ್ಕ ಕಟ್ಟಬೇಕು. ಅದಕ್ಕೆ ಬದಲಾಗಿ ಜಾಹೀರಾತಿಗೆಂದು ಕೊಡುವ ಸಮಯವನ್ನು ಸೋಪಿನವರಿಗೋ ಟೂತ್‌ಪೇಸ್ಟಿನವರಿಗೋ ಮಾರಿಕೊಂಡು ಖರ್ಚು ಹುಟ್ಟಿಸಬೇಕು. ಹದಿಮೂರು ಮುಗಿಯುವ ಹೊತ್ತಿಗೆ ಮುಂದುವರಿಕೆ ಸಿಕ್ಕಿದರೆ ಇನ್ನೊಂದು ಹದಿಮೂರು. ಇಲ್ಲದಿದ್ದರೆ ಮಂಗಳ.

ಇದರಿಂದ ಕತೆ ಬರೆಯುವವರ ಪಾಡು ಏನಾಗುತ್ತಿತ್ತು ಯೋಚಿಸಿ. ಹತ್ತನೆಯ ಕಂತು ಬರೆಯುವಾಗ ನಾಯಕಿಗೆ ಮದುವೆ ಮಾಡಿಬಿಡಬೇಕೋ, ಇನ್ನೂ ಮೂರು ತಿಂಗಳು ವರ ಹುಡುಕುತ್ತಿರಬೇಕೋ ಗೊತ್ತಿಲ್ಲ. ಆ ಕಾಲದ ಎಷ್ಟೋ ಧಾರಾವಾಹಿಗಳಲ್ಲಿ ವಾರಗಟ್ಟಲೆ ಆಮೆಯ ಹಾಗೆ ನಡೆದ ಕತೆ ಕಡೆಯ ಕಂತಿನಲ್ಲಿ ಬಸ್ಸು ಹಿಡಿಯುವವರಂತೆ ಓಡಿದ್ದನ್ನು ನೀವೂ ನೋಡಿರಬಹುದು. ನಿಂತುಹೋದ ಧಾರಾವಾಹಿಯೂ ಕಷ್ಟಪಟ್ಟು ಶುಭಂ ಹೇಳಿಯೇ ಹೋಗುತ್ತಿತ್ತು ಅನ್ನಿ.

ಈ ತ್ರೈಮಾಸಿಕದಲ್ಲಿ ನಪಾಸಾಗುವುದರಲ್ಲಿದ್ದು ಪಾರಾದ ಮೊದಲ ಹೆಸರು ಹಾಸ್ಯದ್ದಲ್ಲ, 'ಹಮ್ ಲೋಗ್'ನದು. 1984ರ ಜುಲೈ 7ರಂದು ಅದು ಶುರುವಾಯಿತು. ಆ ವರ್ಷವೇ ಕೆಲವು ತಿಂಗಳು ದೇಶದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದರಂತೆ ಟಿ.ವಿ. ಪ್ರಸಾರ ಕೇಂದ್ರಗಳು ಎದ್ದದ್ದು. ಬರೆದವರು ಮನೋಹರ ಶ್ಯಾಮ ಜೋಶಿ, ನಿರ್ದೇಶನ ಪಿ. ಕುಮಾರ್ ವಾಸುದೇವ್. ಮೆಕ್ಸಿಕೋ ದೇಶದಲ್ಲಿ ಮಿಗೆಲ್ ಸಾಬಿದೋ ಎಂಬಾತ ಕುಟುಂಬ ಯೋಜನೆಯ ಪಾಠವನ್ನು ಕತೆಯಲ್ಲಿ ಬೆರೆಸಿ ಧಾರಾವಾಹಿ ಮಾಡಿ ಗೆದ್ದಿದ್ದ. ಅದೇ ದಾರಿಯಲ್ಲಿ ನಮ್ಮ ಸರ್ಕಾರವೂ ಹೊರಟಿತ್ತು. ಆದರೆ ಮೊದಲ ಹದಿಮೂರು ಕಂತುಗಳಲ್ಲಿ ಕತೆ ಕಡಿಮೆಯಾಗಿ ಉಪದೇಶ ಹೆಚ್ಚಾಯಿತು. ಜನ ಮುಖ ತಿರುಗಿಸಿದರು. ಇಡೀ ದಿನ ಮಕ್ಕಳಿಗೆ ಉಪದೇಶ ಮಾಡುವ ನನಗೆ ಈ ಸಂಗತಿ ಓದಿದಾಗ ಸ್ವಲ್ಪ ಮುಜುಗರವಾಯಿತು; ನಮ್ಮ ಪಾಠವನ್ನು ಬಂದ್ ಮಾಡಲು ಮಕ್ಕಳ ಕೈಯಲ್ಲಿ ಗುಂಡಿಯಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ನಡೆದದ್ದು ಸ್ವಾರಸ್ಯ. ಧಾರಾವಾಹಿಯನ್ನು ನಿಲ್ಲಿಸದೆ ಉಪದೇಶವನ್ನು ತಗ್ಗಿಸಿದರು. ಬಸೇಸರ್ ರಾಮನ ಕುಡಿತ, ಭಾಗವಂತಿಯ ಸಹನೆ, ಬಡಕಿ, ಮಝಲಿ, ಛುಟಕಿ ಎಂಬ ಮೂವರು ಹೆಣ್ಣುಮಕ್ಕಳ ಆಸೆ ನಿರಾಸೆಗಳು ಮುಂದೆ ಬಂದವು. ನೋಡುವವರು ಹೆಚ್ಚಿದರು. 1985ರ ಡಿಸೆಂಬರ್‌ನಲ್ಲಿ ಮುಗಿಯುವಾಗ 156 ಕಂತುಗಳಾಗಿದ್ದವು. ಎಂದರೆ ಹನ್ನೆರಡು ಹದಿಮೂರುಗಳು! ಪ್ರತಿ ಕಂತಿನ ಕೊನೆಗೆ ಬಂದು ಮಾತಾಡುತ್ತಿದ್ದ ಅಶೋಕ್ ಕುಮಾರ್ ಅವರು ಯಾವ ಮನೆಗೂ ಹಿರಿಯರೇ ಆಗಿಬಿಟ್ಟರು. ಪ್ರಾಯೋಜಕರಾದ ಮ್ಯಾಗಿಯವರ ಶ್ಯಾವಿಗೆ ಈ ಧಾರಾವಾಹಿಯ ಬೆನ್ನೇರಿಯೇ ದೇಶದ ಅಡುಗೆಮನೆಗಳನ್ನು ಹೊಕ್ಕಿತು. ಅದು ಪ್ರಸಾರವಾಗುತ್ತಿದ್ದ ಕಾಲದಲ್ಲಿ ಸುಮಾರು ನಾಲ್ಕು ಲಕ್ಷ ಕಾಗದಗಳು ಬಂದವಂತೆ. ಈ ಕಾಗದಗಳ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಂಚೆಯ ಕಾಗದಕ್ಕೆ ದೊಡ್ಡ ಊರು ಚಿಕ್ಕ ಊರು ಎಂಬ ಭೇದವಿರಲಿಲ್ಲ. ಚನ್ನಗಿರಿಯಿಂದ ಹಾಕಿದ ಕಾರ್ಡೂ ದೆಹಲಿಯ ಕಾರ್ಡೂ ಒಂದೇ ಚೀಲದಲ್ಲಿ ಹೋಗಿ ಬೀಳುತ್ತಿದ್ದವು.

ಅದೇ 1984ರಲ್ಲಿ ಶುಕ್ರವಾರ ರಾತ್ರಿಗಳಲ್ಲಿ ಬಂದದ್ದು 'ಯೇ ಜೋ ಹೈ ಜಿಂದಗಿ'. ಶರದ್ ಜೋಶಿಯವರ ಬರವಣಿಗೆ, ಕುಂದನ್ ಶಾ ಮೊದಲಾದವರ ನಿರ್ದೇಶನ. ಗಂಡ, ಹೆಂಡತಿ, ಹೆಂಡತಿಯ ತಮ್ಮ, ಒಂದು ಮನೆ. ವಾರಕ್ಕೊಂದು ವೇಷದಲ್ಲಿ ಸತೀಶ್ ಶಾ. ನನಗಾಗ ಹದಿನಾಲ್ಕರ ಆಸುಪಾಸು. ಶಾಲೆಯ ಮೂರನೆಯ ಭಾಷೆಯಾಗಿ ಕಲಿತ ಹಿಂದಿ ಆ ವೇಗಕ್ಕೆ ಸಾಲುತ್ತಿರಲಿಲ್ಲ. ಪಕ್ಕದ ಮನೆಯ ಹಜಾರದಲ್ಲಿ ಇಪ್ಪತ್ತು ಜನ ಕೂತಿದ್ದರೆ ಅರ್ಥವಾಗುತ್ತಿದ್ದದ್ದು ಇಬ್ಬರಿಗೆ. ಅವರು ನಕ್ಕ ಮೇಲೆ ಉಳಿದ ಹದಿನೆಂಟು ಜನ ನಗುತ್ತಿದ್ದೆವು. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಭಾಷೆಗೆ ಕಾಯದೆ ನಗು ಬರತೊಡಗಿತು. ಇಂಥವನು ಇಂಥ ಕಡೆ ಎಡವುತ್ತಾನೆ ಎಂದು ನಮಗೆ ಮೊದಲೇ ತಿಳಿದಿರುತ್ತಿತ್ತು. ನಾನು ಮೇಲೆ ಹೇಳಿದ ಹೊಸ ಸೊಸೆಯ ಮಾತು ಇದೇ.

ಕನ್ನಡಕ್ಕೆ ಬರೋಣ. ಬೆಂಗಳೂರಿನ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಕನ್ನಡದ ಮೊದಮೊದಲ ಧಾರಾವಾಹಿಗಳ ಸಾಲಿನಲ್ಲಿ ಎಂಬತ್ತರ ದಶಕದ 'ಸಿಹಿ ಕಹಿ' ಬರುತ್ತದೆ. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಮುಂದೆ ನಿಜ ಜೀವನದಲ್ಲೂ ದಂಪತಿಗಳಾದರು, ಇಬ್ಬರ ಹೆಸರಿನ ಹಿಂದೆಯೂ 'ಸಿಹಿಕಹಿ' ಅಂಟಿಕೊಂಡಿತು. ಧಾರಾವಾಹಿ ನಿಂತು ದಶಕಗಳಾದರೂ ಅದರ ಹೆಸರು ಒಂದು ಸಂಸಾರದ ಮನೆತನದ ಹೆಸರಿನಂತೆ ಉಳಿದುಬಿಟ್ಟಿತು. ಇಂದಿನ ಹುಡುಗಿಯರಿಗೆ ಸಿಹಿಕಹಿ ಚಂದ್ರು ಎಂದರೆ 'ಬೊಂಬಾಟ್ ಭೋಜನ'ದ ಅಡುಗೆಯವರು; ಆ ಸಿಹಿ ಕಹಿ ಎರಡೂ ಊಟದ ರುಚಿಯೆಂದೇ ಅವರು ತಿಳಿದಿದ್ದಾರೆ. ದೂರದರ್ಶನದಲ್ಲಿಯೇ ಬಂದ 'ಕ್ರೇಜಿ ಕರ್ನಲ್'ನ ರಮೇಶ್ ಭಟ್ಟರನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಅವರು ಎಷ್ಟೋ ಸಿನಿಮಾಗಳಲ್ಲಿ ಎಷ್ಟೋ ಪಾತ್ರ ಮಾಡಿದರೂ ನನ್ನ ದೊಡ್ಡಮ್ಮನಿಗೆ ಮಾತ್ರ ಕಡೆಯವರೆಗೂ "ಆ ಕರ್ನಲ್ಲು".

ಹದಿಮೂರರ ಲೆಕ್ಕ ಬಲ್ಲವರು ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಅನ್ನೂ ಎಣಿಸಿ ನೋಡಬಹುದು. ನಮ್ಮೂರು 1997ರವರೆಗೆ ಶಿವಮೊಗ್ಗ ಜಿಲ್ಲೆಗೇ ಸೇರಿತ್ತು; ಹಾಗಾಗಿ ಅದೇ ಜಿಲ್ಲೆಯ ಆಗುಂಬೆಯಲ್ಲಿ ಟಿ.ವಿ.ಯವರು ಬೀಡುಬಿಟ್ಟಿದ್ದಾರೆಂಬ ಸುದ್ದಿ ಇಲ್ಲಿಯೂ ಮನೆಯ ಸುದ್ದಿಯೇ ಆಗಿತ್ತು. 1986ರಲ್ಲಿ ಪ್ರಸಾರ ಶುರುವಾಯಿತು. ಅದು ಅಚ್ಚ ಹಾಸ್ಯ ಧಾರಾವಾಹಿಯಲ್ಲ, ಆದರೆ ಮಾಸ್ಟರ್ ಮಂಜುನಾಥನ ಸ್ವಾಮಿ, ಗಿರೀಶ ಕಾರ್ನಾಡರ ಗಂಭೀರ ಅಪ್ಪ, ಇವರನ್ನು ನೋಡಿ ನಗದವರು ಯಾರು? ಶಂಕರನಾಗ್ ನಿರ್ದೇಶಿಸಿದ ಕಂತುಗಳು ಒಟ್ಟು 39. ಹದಿಮೂರು ಮೂರಲ ಮೂವತ್ತೊಂಬತ್ತು. ಅಂದರೆ ಅದೂ ಅದೇ ಅಳತೆಯಲ್ಲಿ ಕಟ್ಟಿದ ಮನೆ. 2006ರಲ್ಲಿ ಕವಿತಾ ಲಂಕೇಶ್ ಮತ್ತೆ ಕೈಗೆತ್ತಿಕೊಂಡು ಹದಿನೈದು ಕಂತು ಮಾಡಿದರು. ಆ ಹೊತ್ತಿಗೆ ಹದಿಮೂರರ ಕಟ್ಟು ಸಡಿಲವಾಗಿತ್ತು.

ಇದು ನಮ್ಮ ದೇಶದ ಕಚೇರಿಗಳ ಚಾಳಿ ಮಾತ್ರ ಎಂದುಕೊಳ್ಳಬೇಡಿ. ಟಿ.ವಿ.ಯ ಹಾಸ್ಯಕ್ಕೆ ತೌರುಮನೆಯಂತಿರುವ ಅಮೆರಿಕದಲ್ಲೂ ಹೀಗೆಯೇ. 1982ರಲ್ಲಿ ಅಲ್ಲಿ 'ಚಿಯರ್ಸ್' ಎಂಬುದು ಶುರುವಾದಾಗ ನೋಡುಗರ ಪಟ್ಟಿಯಲ್ಲಿ ತೀರಾ ಕೆಳಗೆ, ಕೊನೆಯ ಬೆಂಚಿನಲ್ಲಿ ಕೂತಿತ್ತು. ಕಂಪನಿಯವರು ಅದೇಕೋ ಕೈಬಿಡಲಿಲ್ಲ. ಅದು ಹನ್ನೊಂದು ವರ್ಷ ಓಡಿತು. 'ಸೈನ್‌ಫೆಲ್ಡ್' ಎಂಬ ಇನ್ನೊಂದರ ಕತೆ ಇನ್ನೂ ವಿಚಿತ್ರ. 1989ರಲ್ಲಿ ಮಾದರಿ ಕಂತನ್ನು ಕೆಲವರಿಗೆ ತೋರಿಸಿ ಅಭಿಪ್ರಾಯ ಕೇಳಿದರೆ, ಚೆನ್ನಾಗಿಲ್ಲ ಎಂದರು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಸಂಸ್ಥೆಯಲ್ಲಿ ಬೇರೆಯೇ ವಿಭಾಗ ನೋಡಿಕೊಳ್ಳುತ್ತಿದ್ದ ರಿಕ್ ಲುಡ್ವಿನ್ ಎಂಬಾತನಿಗೆ ಅದು ಹಿಡಿಸಿತ್ತು. ತನ್ನ ವಿಭಾಗದಲ್ಲಿ ಬಾಬ್ ಹೋಪ್ ಎಂಬ ದೊಡ್ಡ ಹಾಸ್ಯಗಾರನ ಕಾರ್ಯಕ್ರಮವೊಂದಕ್ಕೆ ಇಟ್ಟಿದ್ದ ದುಡ್ಡನ್ನು ಆತ ಇದಕ್ಕೆ ತಿರುಗಿಸಿ ನಾಲ್ಕು ಕಂತು ಮಾಡಿಸಿದ. ಹದಿಮೂರೂ ಅಲ್ಲ, ಬರೀ ನಾಲ್ಕು! 1990ರ ಬೇಸಗೆಯಲ್ಲಿ ಅವು ಪ್ರಸಾರವಾದವು. 1998ರಲ್ಲಿ ಅದು ತಾನಾಗಿಯೇ ಮುಗಿಸಿಕೊಳ್ಳುವಾಗ ಅಮೆರಿಕಕ್ಕೆ ಅಮೆರಿಕವೇ ಕೂತು ನೋಡುತ್ತಿತ್ತು. ಎಲ್ಲ ಅಂಕಿಸಂಖ್ಯೆಗಳೂ ಬೇಡವೆಂದಾಗ ಯಾರೋ ಒಬ್ಬ "ಇರಲಿ, ನೋಡೋಣ" ಎಂದನಲ್ಲ, ಅಂಥವರು ಎಲ್ಲ ಕಚೇರಿಗಳಲ್ಲೂ ಇರುವುದಿಲ್ಲ.

ನಮ್ಮಲ್ಲಿ ಖಾಸಗಿ ಚಾನೆಲ್‌ಗಳು ಬಂದ ಮೇಲೆ ಲೆಕ್ಕವೇ ಬದಲಾಯಿತು. 1994ರಲ್ಲಿ ಉದಯ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ. ನಡುವೆ 1998ರಲ್ಲಿ ದೂರದರ್ಶನದಲ್ಲೇ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬಂದು, ದಿನಾ ಒಂದೇ ಹೊತ್ತಿಗೆ ಟಿ.ವಿ.ಯ ಮುಂದೆ ಕೂರುವ ಅಭ್ಯಾಸವನ್ನು ನಮಗೆ ಹಿಡಿಸಿತ್ತು. ವಾರಕ್ಕೊಂದು ಕಂತು ಇದ್ದಾಗ ಹದಿಮೂರು ಕಂತೆಂದರೆ ಮೂರು ತಿಂಗಳು. ದಿನಾ ಬಂದರೆ ಮೂರು ವಾರವೂ ಇಲ್ಲ. ಹೊಸ ಸೊಸೆ ಬೇಗ ಹಳಬಳಾದಳು. ನನಗೆ ತೋರುವಂತೆ ಕನ್ನಡದ ಹಾಸ್ಯ ಧಾರಾವಾಹಿ ಬದುಕಿಕೊಂಡದ್ದು ಮುಖ್ಯವಾಗಿ ಈ ಕಾರಣದಿಂದಲೇ.

ಈಟಿವಿ ಕನ್ನಡದಲ್ಲಿ ಬಂದ 'ಪಾಪ ಪಾಂಡು' ಮತ್ತು 'ಸಿಲ್ಲಿ ಲಲ್ಲಿ' ವರ್ಷಗಟ್ಟಲೆ ಓಡಿದವು. ಮೊದಲನೆಯದು ಸಿಹಿಕಹಿ ಚಂದ್ರು ಅವರದು, ಎರಡನೆಯದು ವಿಜಯಪ್ರಸಾದ್ ಅವರದು. ಒಂದು ಮನೆ, ಒಂದು ಹಜಾರ, ನಾಲ್ಕಾರು ಮುಖಗಳು. ದೊಡ್ಡ ಖರ್ಚಿಲ್ಲ, ಹೊರಾಂಗಣವಿಲ್ಲ. ಕಡಿಮೆ ಬಂಡವಾಳದ ಅಂಗಡಿಗೆ ಕಡಿಮೆ ವ್ಯಾಪಾರವಾದರೂ ನಡೆಯುತ್ತದಲ್ಲ, ಹಾಗೆ. ರವಿಶಂಕರ್ ಗೌಡರ ಡಾಕ್ಟರ್ ವಿಠ್ಠಲ್ ರಾವ್, ಮಂಜುಭಾಷಿಣಿಯವರ ಸಮಾಜ ಸೇವಕಿ ಲಲಿತಾಂಬ ಮನೆಮಾತಾದರು. ಲಲಿತಾಂಬ ಬಾಯಿ ತೆರೆದರೆ ಭಾಷಣ. ಅಂಥವರು ನಮ್ಮೂರಿನಲ್ಲೂ ಇದ್ದರು, ನಿಮ್ಮೂರಿನಲ್ಲೂ ಇದ್ದಾರೆ. ಮಹಿಳಾ ಸಮಾಜದ ಸಭೆಯಲ್ಲಿ ಅಧ್ಯಕ್ಷರು ಮಾತಿಗೆ ನಿಂತರೆ ಹಿಂದಿನ ಸಾಲಿನಲ್ಲಿ ಯಾರಾದರೂ "ಬಂದ್ಲು ನೋಡ್ರೀ ಲಲಿತಾಂಬ" ಎಂದು ಪಿಸುಗುಟ್ಟದೆ ಇರುತ್ತಿರಲಿಲ್ಲ. ನಾಲ್ಕು ಹೆಂಗಸರ ಮುಂದೆ ಎದ್ದು ಮಾತಾಡುವ ಹೆಂಗಸನ್ನು ಗೇಲಿ ಮಾಡುವುದು ಸುಲಭ. ನನಗೆ ಆ ಪಾತ್ರದ ಬಗ್ಗೆ ಸ್ವಲ್ಪ ತಕರಾರಿತ್ತು. ಆದರೂ ನಗದೇ ಇರಲಿಲ್ಲ.

'ಪಾಪ ಪಾಂಡು' ಬಗ್ಗೆ ತಕರಾರು ಎತ್ತಿದವರು ಗಂಡಸರು. ಚಿದಾನಂದ್ ಅವರ ಪಾಂಡು ಶಾಲಿನಿಯವರ ಪಾತ್ರಕ್ಕೆ ಹೆದರಿ ನಡುಗುವ ಗಂಡ. ಹೆಂಡತಿಯ ಕೈ ಬಾಯಿ ಎರಡೂ ಜೋರು. "ಗಂಡನಿಗೆ ಹೊಡೆಯೋದನ್ನ ಮಕ್ಕಳ ಮುಂದೆ ತೋರಿಸ್ತಾರಲ್ರೀ ಟೀಚರ್, ನೀವು ನೋಡ್ತೀರಾ?" ಎಂದು ಪೋಷಕರೊಬ್ಬರು ನನ್ನನ್ನೇ ಕೇಳಿದ್ದರು. ಅವರ ಮನೆಯ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ರಾತ್ರಿ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಯಾರಿಗೂ ನಗು ತರುವಂಥದ್ದಾಗಿರಲಿಲ್ಲ. ನಾನು ಉತ್ತರ ಹೇಳಲಿಲ್ಲ. ಆ ಮನೆಯಾಕೆ ಆ ಅರ್ಧ ಗಂಟೆ ಮಾತ್ರ ಒಲೆಯ ಕೆಲಸ ಮುಗಿಸಿ ನಮ್ಮ ಮನೆಗೆ ಬಂದು, ಬಾಗಿಲ ಬಳಿ ಕೂತು, ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಒಂದು ಹಾಸ್ಯ ಧಾರಾವಾಹಿ ನಿಂತರೆ ಏನು ಹೋಗುತ್ತದೆ ಎನ್ನುವವರಿಗೆ ಆ ಮುಖ ತೋರಿಸಬೇಕೆನಿಸುತ್ತದೆ.

ಆದರೆ ಅವಳ ನಗು ಯಾವ ಲೆಕ್ಕದಲ್ಲೂ ಇರಲಿಲ್ಲ ಎಂಬುದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು. ಖಾಸಗಿ ಚಾನೆಲ್‌ಗಳ ಕಾಲದಲ್ಲಿ ಧಾರಾವಾಹಿಯ ಆಯುಸ್ಸು ಬರೆಯುವುದು ಟಿ.ಆರ್.ಪಿ. ಆಯ್ದ ಕೆಲವು ಮನೆಗಳಲ್ಲಿ ಟಿ.ವಿ.ಗೆ ಒಂದು ಮೀಟರ್ ಕೂರಿಸುತ್ತಾರೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ. ಯಾರು ನೋಡುತ್ತಾರೋ ಅವರು ತಮ್ಮ ಗುಂಡಿ ಒತ್ತಬೇಕು. ಆ ಕೆಲವು ಮನೆಗಳ ಲೆಕ್ಕದಿಂದ ಇಡೀ ನಾಡು ಏನು ನೋಡಿತೆಂದು ಹೇಳುತ್ತಾರೆ. ಅನ್ನ ಬೆಂದಿದೆಯೋ ಎಂದು ಒಂದಗುಳು ಹಿಸುಕಿ ನೋಡುವ ನಮಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಅಗುಳನ್ನು ಯಾವ ಪಾತ್ರೆಯಿಂದ ತೆಗೆಯುತ್ತಿದ್ದರು? ಆ ದಿನಗಳಲ್ಲಿ ಈ ಲೆಕ್ಕ ಮಾಡುತ್ತಿದ್ದ ಟ್ಯಾಮ್ ಸಂಸ್ಥೆಯ ಮೀಟರುಗಳು ಬಹುಕಾಲ ಇದ್ದದ್ದು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರುಗಳಲ್ಲಿ. ಚನ್ನಗಿರಿಯ ಜನಸಂಖ್ಯೆ 2011ರ ಜನಗಣತಿಯಲ್ಲೂ ಇಪ್ಪತ್ತು ಸಾವಿರ ಚಿಲ್ಲರೆ. ನಾವು 'ಪಾಪ ಪಾಂಡು' ನೋಡಿ ನಕ್ಕರೂ ಅಷ್ಟೇ, ಟಿ.ವಿ. ಆರಿಸಿ ಮಲಗಿದರೂ ಅಷ್ಟೇ. ಪತ್ರ ಬರೆಯುವ ಕಾಲದಲ್ಲಿ ಹದಿನೈದು ಪೈಸೆಯ ಕಾರ್ಡಿಗಾದರೂ ಬೆಲೆಯಿತ್ತು. ಮೀಟರ್ ಬಂದ ಮೇಲೆ ಆ ಬೆಲೆ ಹೋಯಿತು; ಬೆಂಗಳೂರಿನ ಯಾವುದೋ ಮನೆಯಲ್ಲಿ ಗುಂಡಿ ಒತ್ತಿದವರ ರುಚಿಗೆ ತಕ್ಕಂತೆ ನಮ್ಮ ಸಂಜೆಗಳು ತೀರ್ಮಾನವಾಗುತ್ತಿದ್ದವು.

2015ರಲ್ಲಿ ಬಾರ್ಕ್ ಎಂಬ ಹೊಸ ವ್ಯವಸ್ಥೆ ಬಂತು. ಆ ವರ್ಷದ ಅಕ್ಟೋಬರ್‌ನಿಂದ ಹಳ್ಳಿಗಳ ಲೆಕ್ಕವೂ ಸೇರಿತು. ಸೇರಿದ ಮೇಲೆ ಹಿಂದಿಯಲ್ಲಿ ದೊಡ್ಡ ದೊಡ್ಡ ಚಾನೆಲ್‌ಗಳು ಕಣ್ಣುಜ್ಜಿಕೊಳ್ಳುವಂತಾಯಿತು. ಹಳೆಯ ಧಾರಾವಾಹಿಗಳನ್ನೇ ಮತ್ತೆ ಹಾಕುತ್ತಿದ್ದ ಉಚಿತ ಚಾನೆಲ್‌ಗಳು ಪಟ್ಟಿಯಲ್ಲಿ ಮೇಲೆದ್ದವು. ಅಂದರೆ ಅಷ್ಟು ವರ್ಷ ಅಷ್ಟು ಜನ ಅದನ್ನೇ ನೋಡುತ್ತಿದ್ದರು, ಎಣಿಸುವವರು ಇರಲಿಲ್ಲ.

ಹಾಗಾದರೆ ಎಣಿಕೆಗೆ ಬಂದ ಮೇಲೆ ಹಾಸ್ಯಕ್ಕೆ ಒಳ್ಳೆಯ ದಿನ ಬಂತೇ? ಪೂರ್ತಿ ಹೌದೆನ್ನಲಾರೆ. 2015ರಲ್ಲಿ ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್', ಮರುವರ್ಷ 'ಕಾಮಿಡಿ ಕಿಲಾಡಿಗಳು' ಬಂದು ಗೆದ್ದವು. ಆದರೆ ಅವು ವೇದಿಕೆಯ ಹಾಸ್ಯ, ಮನೆಯೊಂದರ ಕತೆಯಲ್ಲ. ಅಲ್ಲಿ ನಗು ಬರಲಿಲ್ಲವೆಂದರೆ ಐದು ನಿಮಿಷದಲ್ಲಿ ಇನ್ನೊಬ್ಬರು ಬರುತ್ತಾರೆ. ಯಾರ ಸ್ವಭಾವವನ್ನೂ ತಿಂಗಳುಗಟ್ಟಲೆ ಅರಿಯಬೇಕಿಲ್ಲ. 2018ರಲ್ಲಿ ಕಲರ್ಸ್ ಸೂಪರ್ ಚಾನೆಲ್ಲಿನವರು 'ಪಾಪ ಪಾಂಡು'ವನ್ನು ಮತ್ತೆ ತಂದರು. ನಾವೂ ಹಳೆಯ ಗೆಳತಿ ಬಂದಳೆಂದು ಬಾಗಿಲು ತೆರೆದೆವು. ಆದರೆ ಈ ಎರಡನೆಯ ಸಲದ ಬಾಳು ಮೊದಲನೆಯದರಷ್ಟು ದೀರ್ಘವಾಗಲಿಲ್ಲ. ಧಾರಾವಾಹಿ ಕೆಟ್ಟಿತ್ತೆಂದಲ್ಲ. ಒಂದು ಹಜಾರದಲ್ಲಿ ಒಂದು ಟಿ.ವಿ.ಯ ಮುಂದೆ ಎಲ್ಲರೂ ಕೂರುವ ಸಂಜೆಯೇ ಆಗ ಉಳಿದಿರಲಿಲ್ಲ. ಮಗನ ಕೈಯಲ್ಲಿ ಅವನ ಫೋನು, ಸೊಸೆಯ ಕೈಯಲ್ಲಿ ಅವಳದು. ಒಬ್ಬೊಬ್ಬರೇ ನಗುವ ನಗು ತುಟಿ ದಾಟುವುದಿಲ್ಲ. ಹದಿನೆಂಟು ಜನ ಅರ್ಥವಾಗದೆಯೂ ನಕ್ಕದ್ದು ಪಕ್ಕದಲ್ಲಿ ನಗುವವರಿದ್ದರೆಂದು.

ಆದ್ದರಿಂದ ಯಾರಾದರೂ ನನ್ನನ್ನು "ಈ ಹೊಸ ಹಾಸ್ಯ ಧಾರಾವಾಹಿ ಉಳಿಯುತ್ತಾ ಟೀಚರ್?" ಎಂದು ಕೇಳಿದರೆ, ನಗು ಬರುತ್ತದೋ ಇಲ್ಲವೋ ಎಂದು ನಾನು ಮೊದಲು ನೋಡುವುದಿಲ್ಲ. ದಿನಾ ಬರುತ್ತದೋ, ವಾರಕ್ಕೊಮ್ಮೆಯೋ? ಎಷ್ಟು ಗಂಟೆಗೆ? ನಮ್ಮ ಒಲೆಯ ಹೊತ್ತಿಗೋ, ಕೈ ತೊಳೆದು ಕೂತ ಮೇಲೋ? ಒಂದು ತಿಂಗಳಲ್ಲಿ ಎಷ್ಟು ಸಲ ಹೊತ್ತು ಬದಲಾಯಿಸಿದರು? ರಾತ್ರಿ ಎಂಟರಲ್ಲಿದ್ದದ್ದನ್ನು ಹತ್ತೂವರೆಗೆ ತಳ್ಳಿದರೋ, ಭಾನುವಾರ ಮಧ್ಯಾಹ್ನಕ್ಕೆ ಎಸೆದರೋ, ಅಲ್ಲಿಗೆ ಅದರ ಕತೆ ಮುಗಿಯಿತೆಂದೇ ನನ್ನ ಲೆಕ್ಕ. ಜ್ಯೋತಿಷ್ಯಕ್ಕಿಂತ ಇದು ಹೆಚ್ಚು ನಿಜವಾಗಿದೆ.

ಮೊನ್ನೆ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ನೆಂಟರ ತೋಟದ ಮನೆಗೆ ಹೋಗಿದ್ದೆ. ಸುಲಿಯುವ ಯಂತ್ರಗಳು ಬಂದಿದ್ದರೂ ಉಳಿದ ಸ್ವಲ್ಪವನ್ನು ಆರೇಳು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುತ್ತಿದ್ದರು. ನಡುವೆ ಒಂದು ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಫೋನು ನಿಲ್ಲಿಸಿದ್ದರು. ಅದರಲ್ಲಿ ಹಳೆಯ 'ಸಿಲ್ಲಿ ಲಲ್ಲಿ'. ಚಿತ್ರ ಮಸುಕು, ಸಿಗ್ನಲ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಡಾಕ್ಟರ್ ವಿಠ್ಠಲ್ ರಾವ್ ಬಾಯಿ ತೆರೆದು ಹಾಗೇ ನಿಂತುಬಿಟ್ಟರೆ, ಅವರಲ್ಲೇ ಹಿರಿಯಳೊಬ್ಬಳು ಮುಂದಿನ ಮಾತನ್ನು ತಾನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಫೋನಿನ ಕೆಳಗಡೆ ಅದನ್ನು ಎಷ್ಟು ಸಲ ನೋಡಿದ್ದಾರೆಂಬ ಸಂಖ್ಯೆ ಕಾಣುತ್ತಿತ್ತು. "ಇದರಲ್ಲಿ ನಾವೂ ಸೇರೀವೇನ್ರೀ ಟೀಚರಮ್ಮಾ?" ಎಂದಳು. ಸೇರಿದ್ದೀರಿ, ಆದರೆ ಏಳು ಜನಕ್ಕೂ ಸೇರಿ ಒಂದೇ ಲೆಕ್ಕ ಎಂದೆ. "ಅಯ್ಯ, ಹಂಗಾದ್ರೆ ಉಳಿದೋರು ಸುಮ್ನೆ ನಕ್ಕಿದ್ದು" ಎಂದು ಅವಳು ಇನ್ನೊಂದು ಅಡಿಕೆಗೆ ಕೈ ಹಾಕಿದಳು.